ಹಾಯಿಹಡಗೆಂಬ ಪಾಠಶಾಲೆ

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲನ್ನು ಕಾಣದ ವಿದ್ಯಾರ್ಥಿ ನಮ್ಮ ಭಾಗದಲ್ಲಿ ವಿರಳ. 1840ರ ದಶಕದಲ್ಲಿ, ರಾಜಾ ವೆಂಕಟಪ್ಪನಾಯಕನು ಇನ್ನೂ ಬಾಲಕನಾಗಿದ್ದಾಗ, ಸಂಸ್ಥಾನದ ಉಸ್ತುವಾರಿಗೆಂದು ಬಂದ ಮೆಡೋಸ್ ಟೇಲರನ ಬಂಗಲೆಯದು. ಟೇಲರನ ಆಡಳಿತ, ಅವನ ಗ್ರಂಥಗಳು, ಬಾಲರಾಜನ ಮೇಲೆ ಅವನಿಗಿದ್ದ ಮಮತೆ, ಇವುಗಳನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಮಾತು ನಡೆದಿದೆ. ಅವನು ಈ ದೇಶಕ್ಕೆ ಹೇಗೆ ಬಂದನೆಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತನು 1824ರಲ್ಲಿ ಹದಿನೈದು ವರ್ಷದ ಹುಡುಗನಾಗಿ ಮುಂಬಯಿಗೆ ಬಂದಿಳಿದನು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಬರುವವರು ಹಾಯಿಹಡಗನ್ನೇರಿ, ಆಫ್ರಿಕ ಖಂಡದ ದಕ್ಷಿಣ ತುದಿಯನ್ನು ಬಳಸಿ, ತಿಂಗಳುಗಟ್ಟಲೆ ಗಾಳಿಯನ್ನೇ ನಂಬಿಕೊಂಡು ಬರಬೇಕಾಗಿತ್ತು. ನಮ್ಮ ಸುರಪುರದ ಚರಿತ್ರೆಯ ಒಂದು ಅಧ್ಯಾಯವು ಹೀಗೆ ಗಾಳಿಯಲ್ಲಿ ತೇಲಿ ಬಂದುದೆಂದರೆ ಅತಿಶಯೋಕ್ತಿಯಾಗಲಾರದು.

ಆ ಬಳಿಕ ಉಗಿಹಡಗು ಬಂತು, ಎಣ್ಣೆಯ ಯಂತ್ರ ಬಂತು. ವ್ಯಾಪಾರಕ್ಕಾಗಿ ದೊಡ್ಡ ಹಾಯಿಹಡಗು ಕಟ್ಟುವವರು ಇಲ್ಲವಾದರು. ಇಷ್ಟಾದರೂ ಅನೇಕ ರಾಷ್ಟ್ರಗಳು ಲಕ್ಷಾಂತರ ಹಣ ಸುರಿದು ಹೊಸ ಹಾಯಿಹಡಗುಗಳನ್ನು ಕಟ್ಟಿಸಿವೆ, ಹಳೆಯವನ್ನು ಜೋಪಾನವಾಗಿ ಇಟ್ಟುಕೊಂಡಿವೆ. ನಮ್ಮ ದೇಶವೂ ಇದಕ್ಕೆ ಹೊರತಲ್ಲ. ಇವುಗಳಲ್ಲಿ ಸರಕು ಹೋಗುವುದಿಲ್ಲ, ವಿದ್ಯಾರ್ಥಿಗಳು ಹೋಗುತ್ತಾರೆ. ಯಂತ್ರಯುಗದಲ್ಲಿ ಬಟ್ಟೆಯ ಹಾಯಿಯನ್ನು ಕಟ್ಟಿ ಯುವಕ ಯುವತಿಯರನ್ನು ಕಡಲಿಗೆ ಕಳಿಸುವುದೇಕೆಂಬುದೇ ಈ ಲೇಖನದ ವಿಷಯ.

ಕಡಲನ್ನು ಕಾಣದವನು ಹಡಗಿನ ಮಾತನಾಡುವುದು ಧಾರ್ಷ್ಟ್ಯವೆಂದು ಸಹಪಾಠಿಗಳು ನಗಬಹುದು. ಯಾದಗಿರಿಯಿಂದ ಪಶ್ಚಿಮದ ಕಡಲಿಗೂ ಪೂರ್ವದ ಕಡಲಿಗೂ ನೇರ ಅಳೆದರೆ ಹೆಚ್ಚು ಕಡಿಮೆ ನಾನೂರು ಕಿಲೋಮೀಟರು. ಎರಡರಿಂದಲೂ ಸಮದೂರದಲ್ಲಿರುವವರು ನಾವು. ನಾವು ಬಲ್ಲ ನೌಕೆಯೆಂದರೆ ಹರಿಗೋಲು. ಆದರೆ ಹರಿಗೋಲನ್ನು ಬಲ್ಲವನಿಗೆ ಹಾಯಿಹಡಗಿನ ಗುಟ್ಟನ್ನು ತಿಳಿಸುವುದು ಸುಲಭ. ಬುಟ್ಟಿಯಂತೆ ದುಂಡಗಿರುವ ಹರಿಗೋಲಿಗೆ ಮುಂದು ಹಿಂದೆಂಬುದಿಲ್ಲ. ಗಾಳಿ ಬೀಸಿದ ಕಡೆಗೆ ಅದು ಜಾರುತ್ತದೆ, ಸೆಳವು ಸಿಕ್ಕಿದರೆ ಬುಗುರಿಯಂತೆ ತಿರುಗುತ್ತದೆ. ಅದಕ್ಕೆ ಎಷ್ಟು ದೊಡ್ಡ ಹಾಯಿ ಕಟ್ಟಿದರೂ ಗಾಳಿಯ ಗುಲಾಮನಾಗಿಯೇ ಇದ್ದೀತು. ಹಡಗಾದರೋ ಉದ್ದವಾದದ್ದು, ಅದರ ತಳದಲ್ಲಿ ನೀರಿನೊಳಗೆ ಆಳವಾಗಿ ಇಳಿದ ಬೆನ್ನೆಲುಬೊಂದಿರುತ್ತದೆ. ನೇಗಿಲಿನ ಕುಳವು ನೆಲದಲ್ಲಿ ಕಚ್ಚಿಕೊಂಡಿರುವಂತೆ ಅದು ನೀರಿನಲ್ಲಿ ಕಚ್ಚಿಕೊಂಡಿರುವುದರಿಂದ ಹಡಗು ಅಡ್ಡಕ್ಕೆ ಸರಿಯದು, ಉದ್ದಕ್ಕೆ ಮಾತ್ರ ಸರಿದೀತು. ಗಾಳಿ ಪಕ್ಕದಿಂದ ತಳ್ಳಿದರೂ ಹಾಯಿಯನ್ನು ತಕ್ಕ ಕೋನದಲ್ಲಿ ತಿರುಗಿಸಿದರೆ ಆ ತಳ್ಳುವಿಕೆಯು ಮುನ್ನಡೆಯಾಗಿ ಮಾರ್ಪಡುತ್ತದೆ.

ಎದುರುಗಾಳಿ ಬಂದಾಗ ಏನು ಮಾಡಬೇಕು? ನೇರವಾಗಿ ಗಾಳಿಯ ಬಾಯಿಗೆ ಯಾವ ಹಾಯಿಹಡಗೂ ಹೋಗಲಾರದು. ಶಹಾಪುರದ ಬೆಟ್ಟವನ್ನು ಹತ್ತುವವರು ಕಡಿದಾದ ಕಡೆ ಓರೆಯಾಗಿ ಬಲಕ್ಕೆ ಸ್ವಲ್ಪ, ಎಡಕ್ಕೆ ಸ್ವಲ್ಪ ಹೋಗುತ್ತ ಮೇಲೇರುವುದಿಲ್ಲವೆ? ಹಡಗೂ ಹಾಗೆಯೇ ಗಾಳಿಗೆ ಓರೆಯಾಗಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ಸಾಗುತ್ತ ಎದುರುಗಾಳಿಯನ್ನು ಹತ್ತುತ್ತದೆ. ಪ್ರತಿ ತಿರುವಿನಲ್ಲಿಯೂ ಹಾಯಿಗಳನ್ನೆಲ್ಲ ಒಮ್ಮೆಗೇ ಹೊರಳಿಸಬೇಕು. ಒಬ್ಬನ ಕೈ ತಡವಾದರೆ ಹಡಗು ಗಾಳಿಗೆ ಮುಖ ಕೊಟ್ಟು ನಿಂತುಬಿಡುತ್ತದೆ. ತರಬೇತಿಯ ಮರ್ಮವೆಲ್ಲ ಇಲ್ಲಿದೆ.

ನಮ್ಮ ನೌಕಾಪಡೆಯ 'ತರಂಗಿಣಿ'ಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಾಲಿನ್ ಮ್ಯೂಡಿ ಎಂಬ ಬ್ರಿಟಿಷ್ ಶಿಲ್ಪಿಯ ವಿನ್ಯಾಸದಂತೆ ಗೋವಾ ಹಡಗುಕಟ್ಟೆಯಲ್ಲಿ ನಿರ್ಮಾಣಗೊಂಡು, 1997ರ ನವೆಂಬರ್ 11ರಂದು ಸೇವೆಗೆ ಸೇರಿದ ಈ ಹಡಗು 54 ಮೀಟರು ಉದ್ದ, ಮೂರು ಹಾಯಿಕಂಬ, 20 ಹಾಯಿಗಳು ಉಳ್ಳದ್ದು. ಮುಂದಿನ ಎರಡು ಕಂಬಗಳಿಗೆ ಅಡ್ಡತೊಲೆಗಳನ್ನು ಕಟ್ಟಿ ಚೌಕ ಹಾಯಿಗಳನ್ನು ಇಳಿಬಿಟ್ಟಿದೆ. ಹಿಂದಿನ ಕಂಬದ ಹಾಯಿ ಹಡಗಿನ ಉದ್ದಕ್ಕೆ ಇರುತ್ತದೆ. ಇಂಥ ಕಟ್ಟಿನ ಹಡಗಿಗೆ ಬಾರ್ಕ್ ಎಂದು ಹೆಸರು. ಕೊಚ್ಚಿಯಲ್ಲಿ ನೆಲೆ. ಅಧಿಕಾರಿಗಳಾಗಲಿರುವ ತರುಣರು ತಂಡತಂಡವಾಗಿ ಇದನ್ನೇರಿ ಕಲಿಯುತ್ತಾರೆ. 2003–04ರಲ್ಲಿ ಇದು ಭೂಮಂಡಲವನ್ನೇ ಸುತ್ತಿ ಬಂತು. ನಮ್ಮ ನೌಕಾಪಡೆಯ ಹಾಯಿಹಡಗೊಂದು ಹಾಗೆ ಸುತ್ತಿ ಬಂದುದು ಅದೇ ಮೊದಲು. ಇದರ ತಂಗಿಯೆನ್ನಬಹುದಾದ 'ಸುದರ್ಶಿನಿ'ಯು ಅದೇ ಹಡಗುಕಟ್ಟೆಯಲ್ಲಿ ಸಿದ್ಧವಾಗಿ 2012ರಲ್ಲಿ ಸೇವೆಗೆ ಬಂತು.

ಕ್ಷಿಪಣಿಯನ್ನು ಹಾರಿಸಲಿರುವ ಅಧಿಕಾರಿಗೆ ಹಗ್ಗ ಎಳೆಯುವ ವಿದ್ಯೆ ಏಕೆಂದು ಓದುಗರು ಕೇಳಬಹುದು. ಯಂತ್ರದ ಹಡಗಿನಲ್ಲಿ ಕುಳಿತವನಿಗೆ ಗಾಳಿಯು ಒಂದು ಅಂಕೆ ಮಾತ್ರ. ಗಾಜಿನ ಆಚೆಯ ಸಂಗತಿ. ಹಾಯಿಹಡಗಿನಲ್ಲಿ ಅದು ಅನ್ನ. ಗಾಳಿ ಎತ್ತಣಿಂದ ಬರುತ್ತಿದೆ, ಮೋಡ ಯಾವ ಬಣ್ಣಕ್ಕೆ ತಿರುಗಿತು, ಅಲೆಯ ಬೆನ್ನು ಹೇಗೆ ಮುರಿಯುತ್ತಿದೆ ಎಂಬುದನ್ನು ಎಚ್ಚರದಿಂದ ನೋಡದಿದ್ದರೆ ಹಡಗು ನಡೆಯದು. ರಾಶಿ ಮಾಡುವಾಗ ಕಣದಲ್ಲಿ ಗಾಳಿಗೆ ಕಾದು ನಿಂತ ರೈತನಿಗೆ ಈ ಮಾತು ಹೊಸದಲ್ಲ. ಗಾಳಿಯ ದಿಕ್ಕು ತಪ್ಪಿದರೆ ಹೊಟ್ಟು ಕಾಳಿನ ಮೇಲೆಯೇ ಬೀಳುತ್ತದೆ. ಇನ್ನೊಂದು, ಹಾಯಿಯನ್ನು ಒಬ್ಬನೇ ಏರಿಸಲಾರ. ಹತ್ತು ಜನ ಒಂದೇ ಉಸಿರಿಗೆ ಹಗ್ಗ ಜಗ್ಗಬೇಕು. ಯಾರ ಮಗ, ಯಾವ ಊರು, ಎಷ್ಟು ಅಂಕ ಎಂಬುದನ್ನು ಹಗ್ಗ ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಪಾಳಿ ಬಂದರೆ ಎದ್ದು ಕಂಬ ಹತ್ತಲೇಬೇಕು.

ಈಗ ನನಗೆ ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯವೆನಿಸಿದ ಭಾಗಕ್ಕೆ ಬರುತ್ತೇನೆ. ಅದು ಹಾಯಿಯಲ್ಲ, ಹಡಗಿನ ದಿನಚರಿ ಪುಸ್ತಕ.

ಹಿಂದಿನ ನಾವಿಕರು ವೇಗವನ್ನು ಅಳೆಯುತ್ತಿದ್ದ ಬಗೆ ಹೀಗಿತ್ತು. ಒಂದು ಹಲಗೆಗೆ ಉದ್ದನೆಯ ಹಗ್ಗ ಕಟ್ಟಿ, ಹಗ್ಗಕ್ಕೆ ಸುಮಾರು 47 ಅಡಿಗೊಂದರಂತೆ ಗಂಟು ಹಾಕಿ, ಹಲಗೆಯನ್ನು ಹಿಂದಕ್ಕೆ ಎಸೆಯುತ್ತಿದ್ದರು. ಮರಳಿನ ಗಡಿಯಾರದಲ್ಲಿ 28 ಸೆಕೆಂಡು ಕಳೆಯುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿತೋ ಹಡಗಿನ ವೇಗ ಅಷ್ಟು ಗಂಟು. ಒಂದು ಗಂಟೆಂದರೆ ತಾಸಿಗೆ ಒಂದು ಕಡಲ ಮೈಲು, ಅಂದರೆ 1,852 ಮೀಟರು. ಇಂದಿಗೂ ಹಡಗು ವಿಮಾನಗಳೆಲ್ಲ ತಮ್ಮ ವೇಗವನ್ನು ಆ ಹಗ್ಗದ ಗಂಟುಗಳಲ್ಲಿಯೇ ಹೇಳುತ್ತವೆ. ವೇಗ, ದಿಕ್ಕು, ಗಾಳಿಯ ಬಲ, ಆಕಾಶದ ಸ್ಥಿತಿ ಇವನ್ನೆಲ್ಲ ಪಾಳಿಯ ಮನುಷ್ಯನು ಪುಸ್ತಕದಲ್ಲಿ ಬರೆಯಬೇಕು. ಏನೂ ನಡೆಯದಿದ್ದರೆ ಏನೂ ನಡೆಯಲಿಲ್ಲವೆಂದು ಬರೆಯಬೇಕು.

ಈ ಪುಸ್ತಕಗಳೇ ಒಂದು ಶಾಸ್ತ್ರವನ್ನು ಹಡೆದವು. ಎಡ್ಮಂಡ್ ಹ್ಯಾಲಿಯು, ಅದೇ ಧೂಮಕೇತುವಿನ ಹ್ಯಾಲಿಯು, 1686ರಲ್ಲಿ ನಾವಿಕರಿಂದ ಕೇಳಿ ತಿಳಿದುದನ್ನೆಲ್ಲ ಕೂಡಿಸಿ ವಾಣಿಜ್ಯ ಮಾರುತ ಮತ್ತು ಮಾನ್ಸೂನ್ ಮಾರುತಗಳ ನಕಾಶೆಯನ್ನು ಪ್ರಕಟಿಸಿದನು. ಮಾನ್ಸೂನ್ ಎಂಬ ಶಬ್ದವಾದರೂ ನಮಗೆ ದೂರದ್ದಲ್ಲ. ನಮ್ಮ ಊರುಗಳಲ್ಲಿ ಉರ್ದು ಬಲ್ಲವರ ಬಾಯಲ್ಲಿರುವ 'ಮೌಸಮ್' ಎಂಬುದೂ ಅದೂ ಒಂದೇ ಅರಬ್ಬಿ ಮೂಲದಿಂದ ಬಂದವು. ಕಲಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬವನು ಬಿರುಗಾಳಿಗೆ ಸಿಕ್ಕಿದ ಹಡಗುಗಳ ದಿನಚರಿಗಳನ್ನು ತರಿಸಿ, ಒಂದಕ್ಕೊಂದು ಹೋಲಿಸಿ, ಗಾಳಿಯು ಸುರುಳಿ ಸುತ್ತುವುದೆಂದು ತೋರಿಸಿ, ಹಾವಿನ ಸುರುಳಿಯನ್ನು ನೆನಪಿಸುವ 'ಸೈಕ್ಲೋನ್' ಎಂಬ ಹೆಸರನ್ನು 1848ರಲ್ಲಿ ಬಳಕೆಗೆ ತಂದನು. ಅದೇ ಕಾಲದಲ್ಲಿ ಅಮೆರಿಕದ ನೌಕಾಧಿಕಾರಿ ಮೌರಿಯು ಕಚೇರಿಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ದಿನಚರಿಗಳಿಂದ ಗಾಳಿ ಮತ್ತು ಪ್ರವಾಹಗಳ ನಕಾಶೆಗಳನ್ನು ತಯಾರಿಸಿದನು. ಬರೆದಿಟ್ಟ ನಾವಿಕರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ, ಪಾಳಿಯಲ್ಲಿ ನಿದ್ದೆಗಣ್ಣಿನಿಂದ ನಿಂತಿದ್ದವರು. ಅವರ ಹೆಸರು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಕಡಲಿನ ಶಾಸ್ತ್ರಕ್ಕೆ ಭದ್ರವಾದ ತಳಹದಿ ಹಾಕಿದುದು ಬ್ರಿಟನ್ನಿನ 'ಚಾಲೆಂಜರ್' ಯಾತ್ರೆ. 1872ರ ಡಿಸೆಂಬರಿನಿಂದ 1876ರ ಮೇ ತಿಂಗಳವರೆಗೆ ಅದು ಲೋಕದ ಕಡಲುಗಳನ್ನು ಅಲೆಯಿತು. ಉಗಿಯಂತ್ರವಿದ್ದರೂ ಬಹುಪಾಲು ದಾರಿಯನ್ನು ಹಾಯಿಯಲ್ಲಿಯೇ ಕಳೆದು, ಆಳ ಅಳೆಯುವಾಗ ಒಂದೆಡೆ ನಿಲ್ಲಲು ಯಂತ್ರವನ್ನು ಬಳಸುತ್ತಿದ್ದರು. ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ಪೆಸಿಫಿಕ್ ಸಾಗರದಲ್ಲಿ ಎಂಟು ಕಿಲೋಮೀಟರಿಗೂ ಮಿಕ್ಕ ಆಳವನ್ನು ಕಂಡರು. ಸಂಗ್ರಹಿಸಿದ್ದನ್ನೆಲ್ಲ ಅಚ್ಚು ಹಾಕುವಾಗ 50 ಸಂಪುಟಗಳಾದವು.

ನಮ್ಮ ಹಿಂದೂ ಮಹಾಸಾಗರವು ಮಾತ್ರ ಬಹುಕಾಲ ಅಲಕ್ಷ್ಯಕ್ಕೆ ಗುರಿಯಾಗಿತ್ತು. ಆ ಕೊರತೆಯನ್ನು ನೀಗಲೆಂದು 1959ರಿಂದ 1965ರವರೆಗೆ ಹಲವು ದೇಶಗಳು ಕೂಡಿ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯನ್ನು ಕೈಗೊಂಡವು. ಅದರಲ್ಲಿ ಭಾರತದಿಂದ ಹೋದ ಹಡಗುಗಳಲ್ಲಿ ಮುಖ್ಯವಾದದ್ದು ಎರಡನೆಯ ಮಹಾಯುದ್ಧದ ಕಾಲದ ಒಂದು ಯುದ್ಧನೌಕೆ. ಅದರ ಹೆಸರು 'ಕಿಸ್ತ್ನಾ', ಅಂದರೆ ಆಂಗ್ಲರ ಬಾಯಲ್ಲಿ ಸಿಕ್ಕ ನಮ್ಮ ಕೃಷ್ಣಾ. ಸುರಪುರ, ಶಹಾಪುರ ತಾಲ್ಲೂಕುಗಳ ಹೊಲಗಳಿಗೆ ಕಾಲುವೆಯಾಗಿ ಹರಿಯುವ ಹೊಳೆಯ ಹೆಸರನ್ನು ಹೊತ್ತ ಹಡಗು ಕಡಲನ್ನು ಅಳೆಯಲು ಹೋಯಿತೆಂಬುದನ್ನು ಓದಿದ ದಿನ ನಾನು ಗ್ರಂಥಾಲಯದಲ್ಲಿ ಒಬ್ಬನೇ ನಕ್ಕೆ. ಈ ಯಾತ್ರೆಯ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಅದರ ಮುಖ್ಯ ಕಾರ್ಯಾಲಯ ಗೋವೆಯ ದೋನಾಪಾವ್ಲಾದಲ್ಲಿದೆ.

ವಿದ್ಯಾರ್ಥಿಗಳ ತರಬೇತಿ ಮತ್ತು ಸಾಗರ ಸಂಶೋಧನೆ ಎರಡನ್ನೂ ಒಂದೇ ಹಾಯಿಹಡಗಿನಲ್ಲಿ ಕೂಡಿಸಿದವರು ಬೇರೆ ಕೆಲವರು. ಅಮೆರಿಕದಲ್ಲಿ 1971ರಲ್ಲಿ ಸಾಗರ ಶಿಕ್ಷಣ ಸಂಘವೊಂದು ಹುಟ್ಟಿತು. ಸಂಸ್ಥಾಪಕನ ಹೆಸರು ಕಾರ್ವಿತ್ ಕ್ರೇಮರ್. 1987ರಲ್ಲಿ ಕಟ್ಟಿದ ಅವರ ಹಡಗೊಂದಕ್ಕೆ ಅವನ ಹೆಸರನ್ನೇ ಇಟ್ಟರು. ಕಾಲೇಜು ವಿದ್ಯಾರ್ಥಿಗಳು ಕೆಲವು ವಾರ ದಡದಲ್ಲಿ ಪಾಠ ಕೇಳಿ, ಮತ್ತೆ ಕೆಲವು ವಾರ ಕಡಲಿನಲ್ಲಿ ಹಾಯಿ ಏರಿಸುತ್ತ, ಅಡಿಗೆ ಮಾಡುತ್ತ, ನೀರನ್ನು ಪರೀಕ್ಷಿಸುತ್ತ ಇರಬೇಕಾಗಿತ್ತು. ವಿಜ್ಞಾನದವರೇ ಆಗಬೇಕೆಂಬ ನಿರ್ಬಂಧವಿರಲಿಲ್ಲ; ಚರಿತ್ರೆ ಓದುವವನೂ ಸಾಹಿತ್ಯ ಓದುವವಳೂ ಬರಬಹುದಾಗಿತ್ತು. ನಮ್ಮಂಥ ಕಲಾ ಕಾಲೇಜಿನವರು ಈ ಮಾತನ್ನು ಗಮನಿಸಬೇಕು.

ಅವರು ಮಾಡಿದ ಒಂದು ಕೆಲಸವನ್ನು ವಿವರವಾಗಿ ಹೇಳುತ್ತೇನೆ. ಒಂದು ಮೀಟರು ಅಗಲದ ಬಾಯಿಯುಳ್ಳ ಸಣ್ಣ ಕಣ್ಣಿನ ಬಲೆಯನ್ನು ನೀರಿನ ಮೇಲ್ಮೈಯಲ್ಲಿ ನಿಧಾನವಾಗಿ ಎಳೆದು, ಸಿಕ್ಕಿದ್ದನ್ನು ಚಿಮಟದಿಂದ ಹೆಕ್ಕಿ ಎಣಿಸುವುದು. ಸೂಕ್ಷ್ಮಜೀವಿಗಳ ಜೊತೆಗೆ ಪ್ಲಾಸ್ಟಿಕ್ಕಿನ ಚೂರುಗಳೂ ಬರುತ್ತಿದ್ದವು. ಅವನ್ನೂ ಎಣಿಸಿ ಬರೆದರು. ಒಂದು ತಂಡ ಇಳಿಯಿತು, ಮತ್ತೊಂದು ಹತ್ತಿತು. ಬಲೆ ಅದೇ, ಪುಸ್ತಕದ ಅಂಕಣ ಅದೇ. 1986ರಿಂದ 2008ರವರೆಗೆ, 22 ವರ್ಷಗಳಲ್ಲಿ, ಆರು ಸಾವಿರಕ್ಕೂ ಹೆಚ್ಚು ಬಾರಿ ಬಲೆ ಎಳೆದು, 64,000ಕ್ಕೂ ಹೆಚ್ಚು ಚೂರುಗಳನ್ನು ಕೈಯಿಂದ ಹೆಕ್ಕಿದ್ದರು. 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ, ಅಟ್ಲಾಂಟಿಕ್ ಸಾಗರದ ನಡುವೆ ಪ್ಲಾಸ್ಟಿಕ್ ಎಲ್ಲಿ ಕೂಡಿಕೊಳ್ಳುತ್ತಿದೆಯೆಂಬುದು ನಕಾಶೆಯ ಮೇಲೆ ಸ್ಪಷ್ಟವಾಯಿತು. ಇನ್ನೊಂದು ಒಗಟೂ ಹೊರಬಿತ್ತು. ಲೋಕದಲ್ಲಿ ಪ್ಲಾಸ್ಟಿಕ್ಕಿನ ತಯಾರಿಕೆ ಬಹಳವಾಗಿ ಹೆಚ್ಚಿದ್ದರೂ ಅದು ಕೂಡಿಕೊಳ್ಳುವ ಆ ಭಾಗದ ನೀರಿನ ಮೇಲಿನ ಪ್ರಮಾಣವು ಅದಕ್ಕೆ ತಕ್ಕಂತೆ ಏರಿರಲಿಲ್ಲ. ಉಳಿದುದು ಎಲ್ಲಿಗೆ ಹೋಯಿತು? ಪುಡಿಯಾಗಿ ಬಲೆಯ ಕಣ್ಣಿನಿಂದ ಜಾರಿತೆ, ತಳಕ್ಕೆ ಇಳಿಯಿತೆ, ಜೀವಿಗಳ ಹೊಟ್ಟೆ ಸೇರಿತೆ? ಈ ಪ್ರಶ್ನೆಯನ್ನು ಕೇಳುವ ಅಧಿಕಾರ ಬಂದುದು ಆ 22 ವರ್ಷಗಳ ಎಣಿಕೆಯಿಂದ. ಒಬ್ಬ ಮಹಾಪಂಡಿತನು ಒಂದೇ ಬಾರಿ ಹೋಗಿ ಬಂದಿದ್ದರೆ ಇದು ತಿಳಿಯುತ್ತಿರಲಿಲ್ಲ.

ನಾರ್ವೆ ದೇಶದವರ 'ಸ್ಟಾಟ್ಸ್‌ರಾಡ್ ಲೆಮ್ಕೂಲ್' ಎಂಬುದು ಇನ್ನೊಂದು. 1914ರಲ್ಲಿ ಜರ್ಮನಿಯಲ್ಲಿ ತರಬೇತಿಗೆಂದೇ ಕಟ್ಟಿದ, 98 ಮೀಟರು ಉದ್ದದ, ನಮ್ಮ ತರಂಗಿಣಿಯಂತೆಯೇ ಮೂರು ಕಂಬಗಳ ಬಾರ್ಕ್ ಅದು. ನೂರು ವರ್ಷ ದಾಟಿದ ಈ ಮುದುಕನ ಮೈಗೆ ಹೊಸ ಉಪಕರಣಗಳನ್ನು ತೊಡಿಸಿ, 2021ರ ಆಗಸ್ಟಿನಿಂದ 2023ರ ಏಪ್ರಿಲಿನವರೆಗೆ ಭೂಪ್ರದಕ್ಷಿಣೆಗೆ ಕಳಿಸಿದರು. ದಾರಿಯುದ್ದಕ್ಕೂ ವಿದ್ಯಾರ್ಥಿಗಳು ಹತ್ತಿ ಇಳಿಯುತ್ತಿದ್ದರು. ನೀರಿನ ಶಾಖ, ಉಪ್ಪು, ಅಂಗಾರಾಮ್ಲ, ಪ್ಲಾಸ್ಟಿಕ್ ಕಣ ಇವುಗಳ ಅಳತೆ ನಡೆಯುತ್ತಿತ್ತು. ಸಂಶೋಧನೆಗೆ ಹಾಯಿಹಡಗು ಒದಗುವ ಕಾರಣಗಳೂ ಇವೆ. ಯಂತ್ರ ನಿಲ್ಲಿಸಿದಾಗ ಸದ್ದಿಲ್ಲವಾದುದರಿಂದ ನೀರಿನೊಳಗೆ ಕಿವಿಯಿಟ್ಟು ತಿಮಿಂಗಿಲದ ದನಿಯನ್ನು ಕೇಳಬಹುದು. ಹೊಗೆಯಿಲ್ಲವಾದುದರಿಂದ ಗಾಳಿಯ ಮಾದರಿ ಕೆಡದು. ಬಲೆಗೆ ಬೇಕಾದುದು ಎರಡು ಗಂಟಿನ ಮಂದಗತಿ. ಅದು ಹಾಯಿಗೆ ಸಹಜ. ಎಣ್ಣೆಯ ಖರ್ಚು ಕಡಿಮೆಯೆಂಬುದನ್ನು ಬೇರೆ ಹೇಳಬೇಕಿಲ್ಲ.

ಕನ್ನಡ ನಾಡಿನಲ್ಲಿಯೂ ಇತ್ತೀಚೆಗೆ ಹಾಯಿಹಡಗೇ ಸಂಶೋಧನೆಯ ವಸ್ತುವಾದ ಪ್ರಸಂಗವೊಂದು ನಡೆಯಿತು. ಅಜಂತೆಯ ಐದನೆಯ ಶತಮಾನದ ಚಿತ್ರದಲ್ಲಿ ಕಾಣುವ ಹಡಗನ್ನು ನೋಡಿಕೊಂಡು, ಹಲಗೆಗಳನ್ನು ಮೊಳೆಯಿಲ್ಲದೆ ನಾರಿನ ಹುರಿಯಿಂದ ಹೊಲಿದು ಕಟ್ಟಿದ 'ಕೌಂಡಿನ್ಯ'ವನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಹಳೆಯ ನಕ್ಷೆಯೊಂದೂ ಉಳಿದಿರಲಿಲ್ಲವಾದ್ದರಿಂದ ಮದರಾಸಿನ ಐ.ಐ.ಟಿ.ಯವರು ಮಾದರಿಯನ್ನು ಪರೀಕ್ಷಿಸಿ ಕೊಡಬೇಕಾಯಿತು. ಅದೇ ವರ್ಷ ಡಿಸೆಂಬರ್ 29ರಂದು ಪೋರಬಂದರದಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು.

ಇಷ್ಟೆಲ್ಲ ಇದ್ದರೂ ನಮಗೇನೆಂದು ಕೇಳುವವರಿಗೆ ನನ್ನ ಉತ್ತರವಿದು. ಅರಬ್ಬೀ ಸಮುದ್ರದಲ್ಲಿ ಜೂನ್ ತಿಂಗಳಲ್ಲಿ ಹಾಯಿಯನ್ನು ಉಬ್ಬಿಸುವ ನೈಋತ್ಯ ಮಾರುತವೇ ಕಡಲ ನೀರನ್ನು ಆವಿಯಾಗಿ ಹೊತ್ತು ತಂದು ಸಹ್ಯಾದ್ರಿಯ ಮೇಲೆ ಸುರಿಯುತ್ತದೆ. ನಮ್ಮ ಪಾಲಿಗೆ ಆಕಾಶದಿಂದ ನೇರವಾಗಿ ಬರುವುದು ಬಹು ಸ್ವಲ್ಪ. ಆದರೆ ಮಹಾಬಲೇಶ್ವರದಲ್ಲಿ ಬಿದ್ದುದು ಕೃಷ್ಣೆಯಾಗಿ, ಭೀಮಾಶಂಕರದಲ್ಲಿ ಬಿದ್ದುದು ಭೀಮೆಯಾಗಿ ನಮ್ಮ ಜಿಲ್ಲೆಗೆ ಇಳಿದು ಬರುತ್ತದೆ. ನಾರಾಯಣಪುರದ ಅಣೆಕಟ್ಟಿನಲ್ಲಿ ನಿಂತ ನೀರು ಕೆಲವು ವಾರಗಳ ಹಿಂದೆ ಕಡಲಾಗಿತ್ತು. ಕಡಲಿನ ಮೈ ಎಷ್ಟು ಬಿಸಿಯಾಯಿತೆಂಬುದು ನಮ್ಮ ತೊಗರಿ ಹತ್ತಿಗಳ ಹಣೆಬರಹಕ್ಕೆ ಸಂಬಂಧಿಸಿದ ವಿಷಯ. ಹೈದರಾಬಾದಿಗೂ ಕಡಲಿಲ್ಲ, ಆದರೂ ಭಾರತೀಯ ಸಾಗರ ಮಾಹಿತಿ ಕೇಂದ್ರವನ್ನು 1999ರಲ್ಲಿ ಸ್ಥಾಪಿಸಿದುದು ಅಲ್ಲಿಯೇ. ನಮ್ಮ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಕೆಲವೇ ತಾಸಿನ ದಾರಿ.

ನಮ್ಮ ದೇಶದಲ್ಲಿ ತರಬೇತಿಯ ಹಾಯಿಹಡಗು ನೌಕಾಪಡೆಯದು. 1983ರಲ್ಲಿ ಬಂದ 'ಸಾಗರ ಕನ್ಯಾ'ದಂಥ ಸಂಶೋಧನೆಯ ಹಡಗು ವಿಜ್ಞಾನಿಗಳದು. ಎರಡರ ನಡುವೆ ಕೊಂಡಿಯೇ ಇಲ್ಲವೆಂದಲ್ಲ. 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು 2018ರ ಮೇ ತಿಂಗಳಲ್ಲಿ ಭೂಮಿಯನ್ನು ಸುತ್ತಿ ಬಂದ 'ತಾರಿಣಿ'ಯ ಆರು ಮಂದಿ ಮಹಿಳಾ ಅಧಿಕಾರಿಗಳಿಗೆ, ಹವಾಮಾನ ಇಲಾಖೆಗಾಗಿ ಗಾಳಿ ಮತ್ತು ಅಲೆಗಳ ಮಾಹಿತಿಯನ್ನು ಬರೆದುಕೊಡುವ ಕೆಲಸವನ್ನೂ ವಹಿಸಲಾಗಿತ್ತು. ಆ ದೋಣಿಯ ಉದ್ದ 17 ಮೀಟರು ಮಾತ್ರ. ನಮ್ಮ ಕಾಲೇಜಿನ ವರಾಂಡ ಅದಕ್ಕಿಂತ ಉದ್ದವಿದೆ. ಇಂಥ ಹಡಗೊಂದರಲ್ಲಿ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳನ್ನು, ಕಲಾ ವಿಭಾಗದವರನ್ನೂ ಸೇರಿಸಿ, ವರ್ಷಕ್ಕೆ ಕೆಲವು ವಾರ ಒಯ್ಯುವ ಏರ್ಪಾಡು ಆಗಬೇಕೆಂಬುದು ನನ್ನ ಅಭಿಪ್ರಾಯ. ಕಡಲ ದಂಡೆಯವರಿಗಿಂತ ಮಳೆಗೆ ಬಾಯ್ಬಿಡುವ ಊರಿನವರಿಗೆ ಆ ಜಾಗ ಮೊದಲು ಸಲ್ಲಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂಡಬೇಕೆ? ಬಲೆ ಎಳೆದವರ ವಿಷಯ ಓದಿದ ಮೇಲೆ ಹೋದ ಜೂನ್ ತಿಂಗಳಿನಿಂದ ನಾನೊಂದು ಚಿಕ್ಕ ಕೆಲಸ ಹಿಡಿದಿದ್ದೇನೆ. ನೆಟ್ಟಗಿನ ಅಂಚಿನ ತಗಡಿನ ಡಬ್ಬಿಯನ್ನು ಊರಲ್ಲಿ ಮನೆಯ ಅಂಗಳದಲ್ಲಿ, ಸೂರಿನ ಹನಿ ಬೀಳದ ಕಡೆ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿ ಇಳಿಸಿ ಎಷ್ಟು ಮಿಲಿಮೀಟರು ಮಳೆಯಾಯಿತೆಂದು ಬರೆಯುವುದು. ಭೂಗೋಳ ವಿಭಾಗದ ಹಿಂದೆ ಒಂದು ಸರಿಯಾದ ಮಳೆಮಾಪಕವಿಟ್ಟು, ಪುಸ್ತಕವನ್ನು ಪ್ರತಿ ವರ್ಷ ಕೊನೆಯ ತರಗತಿಯವರು ಮುಂದಿನವರಿಗೆ ಒಪ್ಪಿಸುವಂತಾದರೆ 22 ವರ್ಷ ಬಹಳವೇನಲ್ಲ. ಪ್ರಾಧ್ಯಾಪಕರು ಮನಸ್ಸು ಮಾಡಬೇಕು.

ನಮ್ಮ ಅಪ್ಪನಿಗೆ ಅಕ್ಷರ ಬರುವುದಿಲ್ಲ, ಆದರೆ ಯಾವ ವರ್ಷ ಆರಿದ್ರಾ ಮಳೆ ಕೈಕೊಟ್ಟಿತೆಂಬುದು ಅವರಿಗೆ ಕಂಠಪಾಠ. ಪುಸ್ತಕ ನೋಡಿ, "ನಾ ತಲಿಯಾಗ ಇಟ್ಟದ್ದು ನೀ ಹಾಳ್ಯಾಗ ಇಡಾಕತ್ತಿ, ಇಡಪ್ಪ" ಎಂದರು. ಅವ್ವನಿಗೆ ಡಬ್ಬಿಯ ಮೇಲೆ ಅಷ್ಟು ಗೌರವವಿಲ್ಲ. ಪರೀಕ್ಷೆಗೆಂದು ನಾನು ಎರಡು ದಿನ ಯಾದಗಿರಿಯಲ್ಲಿಯೇ ಉಳಿದಾಗ ಆಕೆ ಅದರ ನೀರನ್ನು ಆಕಳ ಕರುವಿನ ಬಾನಿಗೆ ಸುರಿದುಬಿಟ್ಟಿದ್ದಳು. ಆ ಎರಡು ದಿನಗಳ ಮುಂದೆ ಸೊನ್ನೆ ಹಾಕಬೇಕೆಂದು ಲೇಖನಿ ಎತ್ತಿದೆ. ಆಮೇಲೆ ಹಡಗಿನ ದಿನಚರಿ ನೆನಪಾಗಿ, "ಮಳೆ ಬಿದ್ದಿದೆ, ಅಳೆಯಲಿಲ್ಲ" ಎಂದು ಬರೆದಿದ್ದೇನೆ.